ಫಿಶ್‌ಪಾಂಡ್ ಚೀಟಿಗೆ ಉತ್ತರ ಕೊಟ್ಟವಳು

ಮೇಷ್ಟ್ರುಗಳನ್ನು ತಯಾರು ಮಾಡುವುದು ನನ್ನ ಕೆಲಸವಾಗಿತ್ತು. ಚಳ್ಳಕೆರೆಯ ಶಿಕ್ಷಕರ ತರಬೇತಿ ಸಂಸ್ಥೆಯೊಂದಕ್ಕೆ ನಾನು ಸೇರಿದಾಗ ಆ ಕೋರ್ಸಿಗೆ ಟಿ.ಸಿ.ಎಚ್. ಎನ್ನುತ್ತಿದ್ದರು, ಆಮೇಲೆ ಡಿ.ಎಡ್. ಆಯಿತು. ಹೆಸರು ಬದಲಾದರೂ ಹಿಂದಿನ ಬೆಂಚಿನಲ್ಲಿ ಮಕ್ಕಳ ಜೊತೆ ಮಂಡಿ ಮಡಚಿ ಕೂತು ಪಾಠ ನೋಡುವ ನಮ್ಮ ಪಾಡು ಬದಲಾಗಲಿಲ್ಲ. ಈಚೆಗೆ ಇದೇ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದು ಅನುಭವ ಹೇಳಿ ಎಂದು ಕೂತರು. ಒಂದು ಲೋಟ ಚಹಾ ಮುಗಿಯುವುದರೊಳಗೆ ಹೇಳುವಂಥದ್ದಲ್ಲ, ಬರೆದು ಕೊಡುತ್ತೇನೆ ಎಂದೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯಲ್ಲಿ ಯಾರು ಶಾಲು ಹೊದಿಸಿದರು ಎಂಬುದು ಇದರಲ್ಲಿಲ್ಲ. ಅದನ್ನು ಕಟ್ಟಿಕೊಂಡು ನಿಮಗೇನಾಗಬೇಕು?

ಈ ಕೆಲಸದಲ್ಲಿ ಮೊದಲು ತಿಳಿಯಬೇಕಾದದ್ದೆಂದರೆ, ನಾವು ಕಟ್ಟಿಕೊಟ್ಟ ಪಾಠ ಶಾಲೆಯ ಬಾಗಿಲು ದಾಟಿದ ಮೇಲೆ ನಮ್ಮದಲ್ಲ. ಹೊಸದರಲ್ಲಿ ದೇವಸಮುದ್ರದ ಕಡೆಯ ಒಂದು ಶಾಲೆಗೆ ಅಭ್ಯಾಸ ಪಾಠ ನೋಡಲು ಹೋಗಿದ್ದೆ. ಪಾಠ ಸಾಕುಪ್ರಾಣಿಗಳದ್ದು. ಚಿತ್ರಪಟ ಎಲ್ಲರೂ ತರುತ್ತಾರೆ, ನಾನು ಬೇರೆ ಮಾಡಿ ತೋರಿಸುತ್ತೇನೆಂದು ನಮ್ಮ ಪ್ರಶಿಕ್ಷಣಾರ್ಥಿಯೊಬ್ಬ ಪಕ್ಕದ ಹಟ್ಟಿಯಿಂದ ಕುರಿಮರಿಯೊಂದನ್ನು ಎತ್ತಿಕೊಂಡು ಬಂದಿದ್ದ. ಮೇಜಿನ ಮೇಲೆ ನಿಲ್ಲಿಸಿದ ಕೂಡಲೇ ಮರಿ ಅರಚಿತು. ಹೊರಗಿದ್ದ ತಾಯಿ ಕುರಿ ಓಡಿ ಬಂತು. ಒಂದು ಕುರಿ ನುಗ್ಗಿದ ಮೇಲೆ ಹಿಂಡು ಸುಮ್ಮನಿರುತ್ತದೆಯೇ? ಮಕ್ಕಳು ಬೆಂಚಿನ ಮೇಲೆ, ಕುರಿಗಳು ಬೆಂಚಿನ ಕೆಳಗೆ, ನಮ್ಮ ಹುಡುಗ ಕರಿಹಲಗೆಗೆ ಬೆನ್ನು ಕೊಟ್ಟು ನಿಂತಿದ್ದ. ಪಾಠೋಪಕರಣಕ್ಕೆ ಪೂರ್ತಿ ಅಂಕ ಕೊಟ್ಟೆ, ತರಗತಿ ನಿರ್ವಹಣೆಗೆ ಸೊನ್ನೆ ಹಾಕಿದೆ.

ನಮ್ಮ ಪ್ರಿನ್ಸಿಪಾಲರಿಗೆ ಗಂಟಲು ಇದ್ದವನೇ ಮೇಷ್ಟ್ರು. ಅಭ್ಯಾಸ ಪಾಠ ನಡೆಯುವಾಗ ಅವರು ತರಗತಿಯೊಳಗೆ ಬರುತ್ತಿರಲಿಲ್ಲ, ವರಾಂಡದ ಆ ತುದಿಗೆ ಹೋಗಿ ಕೈಕಟ್ಟಿ ನಿಲ್ಲುತ್ತಿದ್ದರು. ದನಿ ಅಲ್ಲಿಗೆ ಮುಟ್ಟಿದರೆ ಮುಟ್ಟಿತು, ಇಲ್ಲದಿದ್ದರೆ ಅಂಕ ಕಡಿತ. ಅವರ ಎರಡನೆಯ ಮಂತ್ರ ಕಣ್ಣು. ಮಗುವಿನ ಕಣ್ಣಲ್ಲಿ ಕಣ್ಣಿಟ್ಟು ಪಾಠ ಮಾಡದವರು ಏನೋ ಮುಚ್ಚಿಡುತ್ತಾರೆ ಎಂದು ಅವರ ನಂಬಿಕೆ. ಅಂಕದ ಹಾಳೆಯಲ್ಲೂ ದನಿಗೆ ಒಂದು ಸಾಲು, ಕಣ್ಣೋಟಕ್ಕೆ ಒಂದು ಸಾಲು ಇದ್ದವು. ಮನುಷ್ಯ ನೇರ, ಸಂಸ್ಥೆಗೆ ಕೆಟ್ಟ ಹೆಸರು ಬರಬಾರದೆಂಬ ಭಯ ಮಾತ್ರ ವಿಪರೀತ.

ಇನ್ನು ಓಂಕಾರಪ್ಪನವರು. ಶೈಕ್ಷಣಿಕ ಮನೋವಿಜ್ಞಾನ ಹೇಳುತ್ತಿದ್ದರು. ಅವರು ರಜೆ ಹಾಕಿದ ದಿನ ಸ್ಟಾಫ್ ರೂಮು ಉಪ್ಪಿಲ್ಲದ ಸಾರು. ಪ್ರಿನ್ಸಿಪಾಲರು ವರಾಂಡದಲ್ಲಿ ಕೈಕಟ್ಟಿ ನಡೆಯುವುದನ್ನು ಅವರ ಎದುರಿಗೇ ಮಾಡಿ ತೋರಿಸಿ ಅವರನ್ನೇ ನಗಿಸಿದ ಗಟ್ಟಿಗ. ಯಾರ ಮೇಲೂ ಹಗೆಯಿಲ್ಲ, ನಾಲಿಗೆಗೆ ಮಾತ್ರ ಬಿಡುವಿಲ್ಲ.

ಇಂಥ ಸಂಸ್ಥೆಗೆ ಸುಗುಣ ಬಂದಳು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರ ಮಗಳು, ಮನೆಮಾತು ತೆಲುಗು. ಸೇರುವ ದಿನ ಪ್ರಿನ್ಸಿಪಾಲರು ಪ್ರತಿಯೊಬ್ಬರನ್ನೂ ಯಾಕೆ ಈ ಕೋರ್ಸಿಗೆ ಬಂದೆ ಎಂದು ಕೇಳುತ್ತಿದ್ದರು. ಮಿಕ್ಕವರು ಸೇವೆ, ಅಪ್ಪನ ಆಸೆ, ಆದರ್ಶ ಎಂದೆಲ್ಲ ಕಲಿತು ಬಂದದ್ದನ್ನು ಒಪ್ಪಿಸಿದರು. ಇವಳು ಮೇಜಿನ ಅಂಚನ್ನು ನೋಡುತ್ತ ಹೇಳಿದಳು.

"ಒಂದನೇ ಕ್ಲಾಸಿಗೆ ಟೀಚರಾಗಬೇಕು ಸರ್. ನಾನು ಒಂದನೇ ಕ್ಲಾಸಲ್ಲಿದ್ದಾಗ ನನಗೆ ಯಾರೂ ಯಾವುದನ್ನೂ ಬಿಡಿಸಿ ಹೇಳ್ಲಿಲ್ಲ. ನಾನು ಹೇಳ್ತೀನಿ."

ಅಷ್ಟೇ. ಸಾಲಿನಲ್ಲಿ ನಿಂತವರು ಕಿಸಕ್ಕೆಂದರು. ಅವಳು ಯಾರು ನಕ್ಕರೆಂದು ತಿರುಗಿ ನೋಡಲಿಲ್ಲ. ನನಗೆ ಆ ಹುಡುಗಿ ಅವತ್ತೇ ಹಿಡಿಸಿದಳು. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟವಳು ಅವಳೊಬ್ಬಳೇ.

ಅವಳ ದಾರಿಯೇ ಬೇರೆ. ದಿನವೂ ಕಿಟಕಿ ಪಕ್ಕದ ಅದೇ ಜಾಗ ಬೇಕು. ಕೀರಲು ದನಿಯ ಫ್ಯಾನ್ ಹಾಕಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಮಾತು ಏರಿಳಿತವಿಲ್ಲದೆ ಒಂದೇ ಸಮ, ಅದಕ್ಕೆ ಹುಡುಗರು 'ಆಕಾಶವಾಣಿ' ಎಂದು ಹೆಸರಿಟ್ಟರು. ಹಾದುಹೋಗುವಾಗ "ಬೆಳಗಿನ ವಾರ್ತೆ ಆಯ್ತಾ?" ಎನ್ನುವುದು, ಹಾಸ್ಟೆಲಿನಲ್ಲಿ ಅವಳ ತಟ್ಟೆಯನ್ನು ಬೇಕೆಂದೇ ಬೇರೆ ಜಾಗದಲ್ಲಿಟ್ಟು ಏನು ಮಾಡುತ್ತಾಳೆ ನೋಡುವುದು, ಇಂಥವೇ. ಒಂದೊಂದೂ ಸಣ್ಣದು. ಸೊಳ್ಳೆ ಕಚ್ಚಿತೆಂದು ಪೊಲೀಸರಿಗೆ ದೂರು ಕೊಡಲಾಗುವುದಿಲ್ಲ, ಹಾಗೆಂದು ನಿದ್ದೆಯೂ ಬರುವುದಿಲ್ಲ.

ಮೊದಲ ಅಭ್ಯಾಸ ಪಾಠದಲ್ಲಿ ಅವಳ ದನಿ ವರಾಂಡ ಮುಟ್ಟಲಿಲ್ಲ. ಕಣ್ಣು ಯಾರ ಕಣ್ಣನ್ನೂ ಕೂಡಲಿಲ್ಲ. ಪ್ರಿನ್ಸಿಪಾಲರು ಹೀಗಾದರೆ ಪಾಸಾಗುವುದು ಕಷ್ಟ ಎಂದರು. ನಾವು ಕೆಲವರು ಸೇರಿ ಒಂದು ಉಪಾಯ ಹೇಳಿಕೊಟ್ಟೆವು. ಕಣ್ಣು ನೋಡಲಾಗದಿದ್ದರೆ ಹುಬ್ಬಿನ ನಡುವೆ ನೋಡು, ದೂರದಿಂದ ಯಾರಿಗೂ ಗೊತ್ತಾಗುವುದಿಲ್ಲ. ಅವಳು ಚಾಚೂ ತಪ್ಪದೆ ಹಾಗೇ ಮಾಡಿದಳು. ಎಷ್ಟು ನಿಷ್ಠೆಯಿಂದ ನೋಡಿದಳೆಂದರೆ ಎದುರಿಗಿದ್ದ ಮಗು ಹಣೆಗೆ ಏನೋ ಮೆತ್ತಿದೆಯೆಂದು ಲಂಗದ ತುದಿಯಿಂದ ಒರೆಸಿಕೊಂಡಿತು. ಪಕ್ಕದ ಮಗುವೂ ಒರೆಸಿಕೊಂಡಿತು. ಕೊನೆಗೆ ಇಡೀ ಸಾಲು ಹಣೆ ಉಜ್ಜಿಕೊಳ್ಳುತ್ತ ಕೂತಿತ್ತು. ಆ ಉಪಾಯ ಅಲ್ಲಿಗೆ ಬಿಟ್ಟೆವು.

ಅವಳನ್ನು ಉಳಿಸಿದ್ದು ಬದಲಾದ ಪದ್ಧತಿ. ಆ ವರ್ಷಗಳಲ್ಲಿ ಸಣ್ಣ ತರಗತಿಗಳಿಗೆ ನಲಿ-ಕಲಿ ಬಂತು. ಮೇಷ್ಟ್ರು ನಿಂತು ಕೂಗುವ ಹಾಗಿಲ್ಲ, ನೆಲಕ್ಕೆ ಕೂತು ಕಾರ್ಡು ಹಿಡಿದು ಗುಂಪುಗುಂಪಾಗಿ ಕಲಿಸಬೇಕು. ದೊಡ್ಡ ಗಂಟಲಿನ ನಮ್ಮ ಹುಲಿಗಳೆಲ್ಲ ನೆಲಕ್ಕೆ ಕೂರುವುದು ಹೇಗೆಂದು ತಿಳಿಯದೆ ಒದ್ದಾಡಿದರು. ಸುಗುಣ ಮಗುವಿನ ಪಕ್ಕದಲ್ಲಿ ಕೂತು, ಮಗು ಯಾವ ಅಕ್ಷರದ ಮೇಲೆ ಬೆರಳಿಟ್ಟಿದೆಯೋ ಅಲ್ಲಿಗೇ ನೋಡುತ್ತಿದ್ದಳು. ಎರಡು ತಲೆ, ಒಂದೇ ಸ್ಲೇಟು. ಯಾವ ಮಗುವೂ ಅವಳ ಕಣ್ಣು ಹುಡುಕಲಿಲ್ಲ. ಒಂದನ್ನೇ ಹತ್ತು ಸಲ ಕೇಳಿದರೂ ಹತ್ತನೆಯ ಸಲವೂ ಮೊದಲ ಸಲದ ದನಿಯಲ್ಲೇ ಹೇಳುತ್ತಿದ್ದಳು. ನನಗೆ ಐದನೆಯ ಸಲಕ್ಕೆ ಸಿಟ್ಟು ನೆತ್ತಿಗೇರುತ್ತದೆ. ಹಿಂದೆ ಕೂತು ನೋಡುತ್ತ ಹೊಟ್ಟೆಕಿಚ್ಚು ಪಟ್ಟಿದ್ದೇನೆ, ಆಮೇಲೆ ಹೆಮ್ಮೆಯನ್ನೂ ಪಟ್ಟಿದ್ದೇನೆ.

ಎರಡನೆಯ ವರ್ಷದ ಪಠ್ಯದಲ್ಲಿ ವಿಶೇಷ ಅಗತ್ಯವಿರುವ ಮಕ್ಕಳ ಅಧ್ಯಾಯವೊಂದಿತ್ತು. ಅದರಲ್ಲಿ ಆಟಿಸಂ ಎಂಬುದರ ಬಗ್ಗೆ ಅರ್ಧ ಪುಟ. ನಮ್ಮಲ್ಲಿ ಯಾರೂ ಆ ಶಬ್ದ ಕೇಳಿರಲಿಲ್ಲ. ಓಂಕಾರಪ್ಪನವರು ಅದನ್ನು ಹೇಳಿ ಮುಗಿಸಿ, ತರಗತಿ ಗಂಭೀರವಾದದ್ದು ಕಂಡು ಹಗುರ ಮಾಡಲು ಹೋದರು.

"ಯಾರೂ ಹೆದರಬೇಡ್ರಿ. ಇದು ನಮ್ಮೆಲ್ರಿಗೂ ಚೂರು ಚೂರು ಐತೆ. ನನಗೂ ಐತೆ, ಹೆಂಡ್ತಿ ಕರೆದ್ರೆ ಕಿವಿ ಕೇಳಿಸಲ್ಲ."

ತರಗತಿ ಬಿದ್ದು ಬಿದ್ದು ನಕ್ಕಿತು. ಆ ಶಬ್ದ ಅವತ್ತು ಸಂಜೆಯೇ ಕ್ಯಾಂಟೀನಿಗೆ ಬಂತು. ಬಸ್ಸು ನಿಲ್ಲಿಸದೆ ಹೋದರೆ ಡ್ರೈವರಿಗೆ ಆಟಿಸಂ, ಕರೆಂಟು ಬರದಿದ್ದರೆ ಕಂಬಕ್ಕೆ ಆಟಿಸಂ. ಸ್ಟಾಫ್ ರೂಮಿನಲ್ಲೂ ಶುರುವಾಯಿತು. ಹೊಸ ಮಾತು ಸಿಕ್ಕರೆ ಮೇಷ್ಟ್ರುಗಳು ಚಿಕ್ಕ ಮಕ್ಕಳಿಗಿಂತ ಕಡೆ.

ಆ ವಾರದ ಕೊನೆಗೆ ಮೊಳಕಾಲ್ಮೂರಿನ ಶಾಲೆಯೊಂದಕ್ಕೆ ನಾನು ಹೋಗಬೇಕಿತ್ತು. ಊರಿಗೆ ಹೊರಟಿದ್ದ ಸುಗುಣ ಅದೇ ಬಸ್ಸಿನಲ್ಲಿ ಸಿಕ್ಕಳು. ತಳಕು ದಾಟುವವರೆಗೆ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಆಮೇಲೆ ಮುಂದಿನ ಸೀಟಿನ ಕಂಬಿ ಹಿಡಿದು, ಯಾವ ಪೀಠಿಕೆಯೂ ಇಲ್ಲದೆ, "ನನಗೆ ಆಟಿಸಂ ಐತೆ ಮೇಡಂ" ಎಂದಳು.

ಅವಳಿಗೆ ಐದು ತುಂಬಿದರೂ ಮಾತು ಬಂದಿರಲಿಲ್ಲವಂತೆ. ತಂದೆಯನ್ನು ಅವಳು ನಾಯನ ಎನ್ನುತ್ತಿದ್ದಳು. ಆತ ಬೆಂಗಳೂರಿನ ಅಂಗಡಿಗೆ ಸೀರೆ ಕೊಡಲು ಹೋದಾಗ ಮಗಳನ್ನೂ ಕರೆದುಕೊಂಡು ಹೋಗಿ ದೊಡ್ಡಾಸ್ಪತ್ರೆಯಲ್ಲಿ ತೋರಿಸಿದ. ಡಾಕ್ಟರು ಆ ಶಬ್ದ ಹೇಳಿ ಕಳಿಸಿದರು. ಊರಿಗೆ ಬಂದು ಆತ ಸಿಕ್ಕಸಿಕ್ಕವರನ್ನು ಹಾಗಂದರೇನು ಎಂದು ಕೇಳಿದ, ಯಾರಿಗೂ ತಿಳಿಯಲಿಲ್ಲ. "ಆ ಮಾತು ನಮ್ಮನೇಲಿ ನನ್ನ ಜೊತೇಲೇ ಬೆಳೀತು" ಎಂದಳು. ಹದಿನೈದು ವರ್ಷ ಮನೆಯೊಳಗೆ ಜೋಪಾನವಾಗಿದ್ದ ಮಾತು ಒಂದು ಪಾಠ ಮುಗಿಯುವುದರೊಳಗೆ ಕ್ಯಾಂಟೀನಿನ ತಮಾಷೆಯಾಗಿತ್ತು.

ನಾನು ಸಮಾಧಾನಕ್ಕೆಂದು, ನೋಡಿದರೆ ಹಾಗೇನೂ ಕಾಣುವುದಿಲ್ಲವಲ್ಲ ಎಂದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ, ಎಲ್ಲರೂ ಮೊದಲು ಇದನ್ನೇ ಹೇಳುತ್ತಾರೆ, ಹೊಗಳುತ್ತಿದ್ದೇವೆ ಅಂದುಕೊಂಡಿರುತ್ತಾರೆ ಎಂದಳು. ಮದುವೆಮನೆಯಲ್ಲಿ ವಾಲಗ ಜೋರಾದಾಗ ಕಿವಿ ಮುಚ್ಚಿ ಹೊರಗೆ ಓಡಿದರೆ, ನಿನ್ನ ಮದುವೆಗೆ ಮೂಕಿ ಸಿನಿಮಾದವರನ್ನು ಕರೆಸೋಣ ಎಂದು ನಗುತ್ತಾರಂತೆ. ಎಲ್ಲರಿಗೂ ಚೂರು ಚೂರು ಇದೆ ಎನ್ನುವವರು ಅವಳ ಜೊತೆ ಹೊರಗೆ ಬಂದು ಯಾರೂ ನಿಂತಿಲ್ಲವಂತೆ. ನಿನಗೆ ತಮಾಷೆ ಅಂದರೆ ಆಗುವುದೇ ಇಲ್ಲವೇ ಎಂದು ಕೇಳಿದೆ.

"ಆಗ್ತೈತೆ ಮೇಡಂ. ಓಂಕಾರಪ್ಪ ಸರ್ ಪ್ರಿನ್ಸಿಪಾಲರ ಥರ ನಡೆದಾಗ ನಾನೂ ನಕ್ಕೆ. ಅದರಲ್ಲಿ ಪ್ರಿನ್ಸಿಪಾಲರು ಇದ್ರು. ಈ ಆಟಿಸಂ ಜೋಕಲ್ಲಿ ನಾನು ಎಲ್ಲೂ ಇಲ್ಲ."

ಬಸ್ಸು ಬಿ.ಜಿ. ಕೆರೆ ಮುಟ್ಟಿತ್ತು. ಬೇರೆಯವರಿಗೆ ತಿಳಿಸಲೇ ಎಂದು ಕೇಳಿದ್ದಕ್ಕೆ, ಬೇಕಾದಾಗ ನಾನೇ ಹೇಳ್ತೀನಿ ಎಂದಳು. ಬೇಕಾಗುವ ದಿನ ಬೇಗ ಬಂತು.

ವರ್ಷದ ಕೊನೆಗೆ ನಮ್ಮಲ್ಲಿ ಫಿಶ್‌ಪಾಂಡ್ ನಡೆಯುತ್ತಿತ್ತು. ಈಗಿನವರಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ವಾರಕ್ಕೆ ಮೊದಲೇ ಒಂದು ಡಬ್ಬಿ ಇಡುತ್ತಾರೆ. ಯಾರ ಮೇಲೆ ಬೇಕಾದರೂ ತಮಾಷೆಯ ಸಾಲು ಬರೆದು ಹೆಸರಿಲ್ಲದೆ ಹಾಕಬಹುದು. ಬೀಳ್ಕೊಡುಗೆ ದಿನ ಅವನ್ನು ಒಂದೊಂದಾಗಿ ತೆಗೆದು ಮೈಕಿನಲ್ಲಿ ಓದುತ್ತಾರೆ. ಹೆಸರು ಬಂದವರು ವೇದಿಕೆಗೆ ಹೋಗಿ, ನಕ್ಕು, ಚೀಟಿ ತೆಗೆದುಕೊಂಡು ಬರಬೇಕು. ಅಳಬಾರದು, ಎದುರು ಹೇಳಬಾರದು. ಈ ಕಟ್ಟಳೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಬಿಡಿಸಿ ಹೇಳದಿದ್ದರೆ ಗೊತ್ತಾಗದವಳು ನಮ್ಮಲ್ಲಿ ಒಬ್ಬಳಿದ್ದಳು.

ಓದುವವರು ಓಂಕಾರಪ್ಪನವರೇ. ಸಭೆ ರಂಗೇರಿತ್ತು. ನನ್ನ ಮೇಲೂ ಒಂದು ಬಂತು, ಅಂಕ ಕೊಡುವಾಗ ನನ್ನ ಕೈ ನಡುಗುತ್ತದಂತೆ, ಸರಿಯಾಗಿಯೇ ಹೇಳಿದ್ದರು. ಆಮೇಲಿನ ಚೀಟಿಯನ್ನು ಅವರು ಓದುತ್ತ ಓದುತ್ತಲೇ ಅದು ಚುಚ್ಚುಮಾತೆಂದು ಅರ್ಥ ಮಾಡಿಕೊಂಡರೆಂದು ಕಾಣುತ್ತದೆ, ಕೊನೆಗೆ ದನಿ ಇಳಿಯಿತು. "ಸುಗುಣಾಗೆ. ಆಟಿಸಂ ಮಹಾರಾಣಿ, ಮಕ್ಕಳ ಮುಖ ನೋಡದ ಟೀಚರಮ್ಮ." ನಗು ಚಾವಣಿ ಹಾರಿಸಿತು.

ಸುಗುಣ ವೇದಿಕೆಗೆ ಹೋದಳು, ಚೀಟಿ ತೆಗೆದುಕೊಂಡಳು, ಒಮ್ಮೆ ಓದಿದಳು. ಇಳಿದು ಬರುವ ಬದಲು ಮೈಕಿನ ಮುಂದೆ ನಿಂತಳು.

"ಇದರಲ್ಲಿ ಬರೆದಿರೋದು ನಿಜ. ನನಗೆ ಆಟಿಸಂ ಐತೆ. ಡಾಕ್ಟರು ಹೇಳಿದಾರೆ. ಮುಖ ನೋಡೋದು ನನಗೆ ಕಷ್ಟ, ಅದೂ ನಿಜ. ಇದರಲ್ಲಿ ನಗೋದು ಯಾವುದು ಅಂತ ಗೊತ್ತಾಗಲಿಲ್ಲ. ಯಾರಾದ್ರೂ ಬಿಡಿಸಿ ಹೇಳ್ರಿ."

ಕೋಪವಿಲ್ಲ, ಅಳುವಿಲ್ಲ, ಅದೇ ಆಕಾಶವಾಣಿಯ ದನಿ. ಅವಳು ಕೊಂಕು ನುಡಿಯುತ್ತಿರಲಿಲ್ಲ. ನಿಜಕ್ಕೂ ತಿಳಿಯಬೇಕಿತ್ತು, ಉತ್ತರಕ್ಕೆ ಕಾಯುತ್ತ ನಿಂತಳು. ಇಡೀ ಸಭೆಯಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಓಂಕಾರಪ್ಪನವರು ಡಬ್ಬಿಯ ಮುಚ್ಚಳ ಹಾಕಿದರು. ಸಾಕಷ್ಟು ಕಾದು, ಅವಳು ಚೀಟಿ ಮಡಚಿಕೊಂಡು ಇಳಿದು ಬಂದು ತನ್ನ ಜಾಗದಲ್ಲಿ ಕೂತಳು.

ಮಾರನೆಯ ದಿನ ಪ್ರಿನ್ಸಿಪಾಲರು ನಮ್ಮನ್ನು ಕರೆಸಿದರು. ಕೊನೆಯ ಪ್ರಾಯೋಗಿಕ ಪಾಠ ಹತ್ತಿರವಿತ್ತು, ಅದರಲ್ಲಿ ಪಾಸಾಗದೆ ಯಾರೂ ಟೀಚರಾಗುವ ಹಾಗಿಲ್ಲ. ಇಷ್ಟು ದಿನ ಮೆತ್ತಗಿನ ಹುಡುಗಿ ಎಂದುಕೊಂಡಿದ್ದೆವು, ಈಗ ಅವಳೇ ಮೈಕಿನಲ್ಲಿ ಕಾಯಿಲೆ ಹೇಳಿಕೊಂಡಿದ್ದಾಳೆ, ನಾಳೆ ಮಕ್ಕಳ ತಂದೆತಾಯಿ ಕೇಳಿದರೆ ಸಂಸ್ಥೆ ಏನು ಹೇಳಬೇಕು, ಈ ವರ್ಷ ಪರೀಕ್ಷೆಗೆ ಕೂರಿಸುವುದು ಬೇಡ ಎಂಬುದು ಅವರ ಮಾತು. ಓಂಕಾರಪ್ಪನವರೂ ಅವರ ಕಡೆಗೇ ಹೋದರು. ನಾಚಿಕೆಯಾದ ಮನುಷ್ಯ ಕೆಲವೊಮ್ಮೆ ಹಟಕ್ಕೆ ಬೀಳುತ್ತಾನೆ.

"ಒಂದು ತಮಾಷೆ ತಗೊಳ್ಳಕ್ಕೆ ಬರಲ್ಲ ಅಂದ್ರೆ ನಲವತ್ತು ಮಕ್ಕಳನ್ನ ಹೆಂಗೆ ತಗೊಂತಾಳ್ರಿ?" ಎಂದರು.

ನನಗೆ ಸಿಟ್ಟು ಬಂತು. "ಆ ಹುಡುಗಿ ಒಂದು ಪ್ರಶ್ನೆ ಕೇಳಿದ್ಲು. ನಾವಿಷ್ಟು ಜನ ಮೇಷ್ಟ್ರು ಕೂತಿದ್ವಿ. ಯಾರಿಗೆ ಉತ್ತರ ಕೊಡಕ್ಕೆ ಬಂತು ಹೇಳ್ರಿ" ಎಂದೆ. ಪಾಠ ನೋಡಿ ನಿರ್ಧಾರ ಮಾಡಿ, ವರಾಂಡದಲ್ಲಿ ನಿಂತಲ್ಲ, ಒಳಗೆ ಕೂತು ನೋಡಿ ಎಂದು ಹಟ ಹಿಡಿದೆ. ಪ್ರಿನ್ಸಿಪಾಲರು ಕೊನೆಗೆ ಒಪ್ಪಿದರು. ಆದರೆ ಹೊರಗಿನಿಂದ ಬರುವ ಪರೀಕ್ಷಕರಿಗೆ ವಿಷಯ ಮೊದಲೇ ತಿಳಿಸುವುದಾಗಿಯೂ, ಪಾಠ ಕೆಟ್ಟರೆ ತಾವು ಅವಳ ಪರ ಒಂದು ಮಾತೂ ಆಡುವುದಿಲ್ಲವೆಂದೂ ಹೇಳಿದರು. ಸುಗುಣಾಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಸರಿ ಮೇಡಂ, ಒಂದನೇ ಕ್ಲಾಸೇ ಕೊಡ್ತಾರಾ ಎಂದಷ್ಟೇ ಕೇಳಿದಳು.

ಪರಶುರಾಂಪುರ ರಸ್ತೆಯ ಶಾಲೆ. ಒಂದನೆಯ ತರಗತಿ. ನೆಲದ ಮೇಲೆ ಮಕ್ಕಳು, ಹಿಂದಿನ ಗೋಡೆಗೆ ಕುರ್ಚಿ ಹಾಕಿಕೊಂಡು ಪ್ರಿನ್ಸಿಪಾಲರು, ಓಂಕಾರಪ್ಪನವರು, ನಾನು. ಪರೀಕ್ಷಕರು ಚಿತ್ರದುರ್ಗದಿಂದ ಬಂದ ವಯಸ್ಸಾದ ಮೇಷ್ಟ್ರು, ಮುಖದಲ್ಲಿ ಏನೂ ತಿಳಿಯುವಂತಿರಲಿಲ್ಲ. ಸುಗುಣ ಚಿತ್ರದ ಕಾರ್ಡು ಹರಡಿಕೊಂಡು ಮಕ್ಕಳ ನಡುವೆ ಕೂತಳು. ಹಾಲು ಕುಡಿಯುವ ಬೆಕ್ಕಿನ ಚಿತ್ರ ತೋರಿಸಿ ಇದೇನು ಎಂದಳು. ಮೂಲೆಯಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ಎಲ್ಲರಿಗಿಂತ ಮುಂಚೆ "ಪಿಲ್ಲಿ" ಎಂದಳು. ತೆಲುಗು ಮನೆಯ ಮಗು. ತರಗತಿಯೆಲ್ಲ ಗೊಳ್ಳೆಂದಿತು. ಆ ಮಗು ತಲೆ ತಗ್ಗಿಸಿ ಲಂಗದೊಳಗೆ ಮುಖ ಹುದುಗಿಸಿತು.

ಇಂಥ ಹೊತ್ತಿನಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ಮಾಡುವುದು ಎರಡೇ, ಸುಮ್ಮನಿರಿ ಎಂದು ಮೇಜು ಕುಟ್ಟುತ್ತಾರೆ, ಇಲ್ಲವೇ ತಾವೂ ನಗುತ್ತಾರೆ. ಸುಗುಣ ಕಾರ್ಡು ಕೆಳಗಿಟ್ಟು, ಎಲ್ಲರಿಗಿಂತ ಜೋರಾಗಿ ನಕ್ಕ ಮಗುವಿನ ಕಡೆ ತಿರುಗಿ, ಯಾಕೆ ನಕ್ಕೆ ಎಂದು ಕೇಳಿದಳು. ಗದರಿಕೆಯಿಲ್ಲ. ಮಗುವೂ ಹೆದರದೆ, ನಾವು ಬೆಕ್ಕು ಅಂತೀವಿ ಮಿಸ್, ಅವಳು ಪಿಲ್ಲಿ ಅಂದ್ಲು, ಅದಕ್ಕೆ ಎಂದಿತು. ಸುಗುಣ ಅದನ್ನು ಯೋಚಿಸಿದಳು.

"ಹೌದು. ನಿಮ್ಮನೇಲಿ ಬೆಕ್ಕು. ನಮ್ಮನೇಲೂ ಅವಳ ಮನೇಲೂ ಪಿಲ್ಲಿ. ಪಾಪ, ಬೆಕ್ಕಿಗೆ ಎರಡೂ ಗೊತ್ತಿಲ್ಲ."

ಒಂದು ಕ್ಷಣ ಬಿಟ್ಟು ಇಡೀ ತರಗತಿ ನಕ್ಕಿತು. ಲಂಗದೊಳಗಿದ್ದ ಮುಖ ಮೇಲೆದ್ದು ಅದೂ ನಕ್ಕಿತು. ಪ್ರಿನ್ಸಿಪಾಲರು ಕರವಸ್ತ್ರ ಬಾಯಿಗೆ ಅಡ್ಡ ಹಿಡಿದರು. ಸುಗುಣ ಕರಿಹಲಗೆಯ ಮೇಲೆ ಎರಡೂ ಶಬ್ದ ಬರೆದು ಪಾಠ ಮುಂದುವರಿಸಿದಳು. ಅದು ಜೋಕೆಂದು ಗೊತ್ತಿದ್ದೇ ಹೇಳಿದೆಯಾ ಎಂದು ಆಮೇಲೆ ಕೇಳಿದಾಗ, ಗೊತ್ತಿತ್ತು ಮೇಡಂ, ಎಲ್ರೂ ನಗೋ ಅಂಥದ್ದೇ ಹೇಳಿದೆ ಎಂದಳು. ಮೂವತ್ತು ವರ್ಷ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ ಪಾಠಗಳಲ್ಲಿ ಅದಕ್ಕಿಂತ ಒಳ್ಳೆಯದು ನನಗೆ ನೆನಪಿಲ್ಲ.

ಮಕ್ಕಳು ಊಟಕ್ಕೆ ಹೋದರು. ಪರೀಕ್ಷಕರು ಅಂಕ ತುಂಬಿ, ಈ ಹುಡುಗಿ ಪಾಸಾಗುವುದರಲ್ಲಿ ನನ್ನದೇನೂ ತಕರಾರಿಲ್ಲ ಎಂದು ಪ್ರಿನ್ಸಿಪಾಲರಿಗೆ ಹೇಳಿ, ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು. ಆಮೇಲೆ ಅವರು, ಇದು ಪರೀಕ್ಷೆಯ ಪ್ರಶ್ನೆಯಲ್ಲ ತಾಯಿ ಎಂದು ಸುಗುಣಾಳನ್ನು ಹತ್ತಿರ ಕರೆದರು. ಶಾಲೆಯಲ್ಲಿ ಮಕ್ಕಳು ನಿನ್ನನ್ನೇ ನೋಡಿ ನಕ್ಕರೆ ಏನು ಮಾಡುತ್ತೀಯ ಎಂದರು. ಯಾಕೆ ಅಂತ ಕೇಳ್ತೀನಿ ಸರ್, ಮಕ್ಕಳು ಹೇಳ್ತಾರೆ ಎಂದಳು.

"ದೊಡ್ಡೋರು ನಕ್ಕರೆ?"

ಅವಳು ಕೈಯಲ್ಲಿದ್ದ ಕಾರ್ಡುಗಳನ್ನು ಜೋಡಿಸುತ್ತ ಯೋಚಿಸಿದಳು.

"ಅವರನ್ನೂ ಕೇಳಿದೀನಿ ಸರ್. ಇನ್ನೂ ಯಾರೂ ಹೇಳಿಲ್ಲ."

ಫಿಶ್‌ಪಾಂಡಿನ ಕಥೆ ಗೊತ್ತಿಲ್ಲದ ಪರೀಕ್ಷಕರಿಗೆ ಇದರ ಹಿಂದುಮುಂದು ತಿಳಿಯಲಿಲ್ಲ. ನಮಗೆ ತಿಳಿಯಿತು. ಓಂಕಾರಪ್ಪನವರು ಕುರ್ಚಿಯಿಂದ ಎದ್ದರು. ಎಲ್ಲರನ್ನೂ ನಗಿಸಿಕೊಂಡು ಓಡಾಡಿದ ಆ ಮನುಷ್ಯ ಮಕ್ಕಳ ಸ್ಲೇಟುಗಳನ್ನು ದಾಟಿಕೊಂಡು ಅವಳ ಮುಂದೆ ಹೋಗಿ ನಿಂತರು.

"ಅದರಲ್ಲಿ ನಗೋ ಅಂಥದ್ದು ಏನೂ ಇರಲಿಲ್ಲಮ್ಮ" ಎಂದರು.

"ಹೌದಾ ಸರ್" ಎಂದಳು ಸುಗುಣ. "ನನಗೊಬ್ಬಳಿಗೇ ಗೊತ್ತಾಗಲಿಲ್ಲ ಅಂದ್ಕೊಂಡಿದ್ದೆ."